ತೊಂಬತ್ತಾರು ಕುಲ್ಹಡ್‌ಗಳ ಬೇಸಿಗೆ

ತುಮಕೂರಿನ ನಮ್ಮ ಕಾಲೇಜಿನ ಎದುರು ಹೋದ ತಿಂಗಳು ಒಂದು ಹೊಸ ಚಹಾ ಅಂಗಡಿ ತೆರೆಯಿತು. ಅಲ್ಲಿ ಚಹಾ ಕೊಡುವುದು ಮಣ್ಣಿನ ಲೋಟದಲ್ಲಿ. ಉತ್ತರದ ಕಡೆಯ ಕುಲ್ಹಡ್ ಈಗ ನಮ್ಮಲ್ಲಿಗೂ ಷೋಕಿಯಾಗಿ ಬಂದಿದೆ. ಸಹೋದ್ಯೋಗಿಗಳು ಬಿಡದೆ ಎಳೆದುಕೊಂಡು ಹೋದರು. ಬಿಸಿ ಚಹಾ ಬಿದ್ದ ಕೂಡಲೇ ಮಣ್ಣಿನಿಂದ ಎದ್ದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಲೋಟ ವಾಲಿ ಅರ್ಧ ಚಹಾ ಸೀರೆಯ ಮೇಲೆ ಚೆಲ್ಲಿತು. "ಬಿಸಿ ಜಾಸ್ತಿ ಆಯ್ತಾ ಮೇಡಂ?" ಎಂದು ಕೇಳಿದರು. ಹೌದು ಎಂದೆ. ಹೌದು ಎನ್ನುವುದು ಸುಲಭ. ಬನಾರಸಿನ ಒಂದು ಬೇಸಿಗೆಯನ್ನು ರಸ್ತೆ ಬದಿಯಲ್ಲಿ ನಿಂತು ಯಾರಿಗಾದರೂ ಹೇಳಲು ಸಾಧ್ಯವೇ?

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ನಾನು ಬನಾರಸಿನಲ್ಲಿ ಸಸ್ಯಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಹಿಮಾಲಯದ ಎತ್ತರದಲ್ಲಿ, ಮರಗಳೆಲ್ಲ ನಿಂತುಹೋದ ಮೇಲೂ ಬೆಳೆಯುವ ಗಿಡಗಳು ನನ್ನ ವಿಷಯ. ಹಿಮದ ಗಿಡಗಳನ್ನು ಓದಲು ಬಿಸಿಲು ಕಾರುವ ಬನಾರಸಿಗೆ ಹೋದವಳು ನಾನೊಬ್ಬಳೇ ಇರಬೇಕು ಎಂದು ಗೆಳತಿಯರು ಛೇಡಿಸುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಒಂದು ಶೀತಲ ಕೋಣೆ ಇದೆ, ಗುಂಡಿ ಒತ್ತಿದರೆ ಹಿಮಾಲಯ ಎಂದು ನಾನು ಜಂಬದಿಂದ ಉತ್ತರ ಕೊಡುತ್ತಿದ್ದೆ. ಆ ಜಂಬ ಇಳಿಯಲು ಒಂದು ಮೇ ತಿಂಗಳು ಸಾಕಾಯಿತು.

ನನ್ನ ಗಿಡದ ಹೆಸರು ಪೊಟೆಂಟಿಲ್ಲಾ. ಸ್ಟ್ರಾಬೆರಿಯ ಎಲೆಯನ್ನು ಹೋಲುವ ಎಲೆ, ಅಡಿಯಲ್ಲಿ ಬೆಳ್ಳಗೆ ತುಪ್ಪಳ. ಗಢವಾಲದ ಒಂದೇ ಬೆಟ್ಟದ ಮೇಲೆ ಅದು ಮರಗಳ ಗಡಿಯಲ್ಲಿಯೂ ಇತ್ತು, ನಡುವಿನ ಹುಲ್ಲುಗಾವಲಿನಲ್ಲಿಯೂ ಇತ್ತು, ಬಂಡೆ ಬಿಟ್ಟರೆ ಏನೂ ಇಲ್ಲದ ತುದಿಯಲ್ಲಿಯೂ ಇತ್ತು. ಕೆಳಗೆ ಮೊಣಕಾಲೆತ್ತರ ಬೆಳೆಯುವ ಅದೇ ಗಿಡ ತುದಿಯಲ್ಲಿ ಅಂಗೈಯಗಲ ನೆಲಕ್ಕಂಟಿ ಕೂತಿರುತ್ತಿತ್ತು. ಗಾಳಿ ಹಾರಿಸದಂತೆ, ಹಗಲಿನ ಬಿಸಿಯನ್ನು ಎಲೆಗಳ ನಡುವೆ ಹಿಡಿದಿಟ್ಟುಕೊಳ್ಳುವಂತೆ, ಮೈತುಂಬ ಉಣ್ಣೆ ಹೊದ್ದು ಕೂರುವುದು ಅದರ ರೀತಿ. ಅಲ್ಲಿ ಅದಕ್ಕೆ ಸಿಗುವುದು ವರ್ಷಕ್ಕೆ ಕೆಲವೇ ವಾರಗಳ ಬೇಸಿಗೆ. ಅಷ್ಟರೊಳಗೆ ಹೂ ಬಿಡಬೇಕು, ಬೀಜ ಕಟ್ಟಬೇಕು, ಮುಂದಿನ ವರ್ಷದ ಮೊಗ್ಗನ್ನೂ ಸಿದ್ಧ ಮಾಡಿಕೊಂಡು ಮಲಗಬೇಕು.

ಈ ಕುಳ್ಳತನ ಎಲ್ಲಿಯದು ಎಂಬುದು ನನ್ನ ಪ್ರಶ್ನೆ. ಚಳಿ ಗಾಳಿಗೆ ಮುದುಡಿ ಹಾಗಾಗಿದೆಯೋ, ಅಥವಾ ಎಷ್ಟೋ ಸಾವಿರ ವರ್ಷ ಅಲ್ಲೇ ಬಾಳಿ ಬಾಳಿ ಬೀಜದೊಳಗೇ ಹಾಗೆ ಬರೆದುಹೋಗಿದೆಯೋ? ಮುದುಡಿದ್ದಾದರೆ ಬೆಟ್ಟ ಬೆಚ್ಚಗಾದಾಗ ಅದು ಬಿಡಿಸಿಕೊಂಡು ನಿಲ್ಲಬಹುದು. ಬೀಜದಲ್ಲಿಯೇ ಬರೆದದ್ದಾದರೆ ಬೇರೆ ಬರೆಯಲು ಕಾಲ ಬೇಕು. ಆ ಬೆಟ್ಟಕ್ಕೆ ಕಾಲ ಇರಲಿಲ್ಲ. ಕುರಿ ಮೇಯಿಸುವ ಮುದುಕನೊಬ್ಬ ನನಗೆ ಒಂದು ಬಂಡೆ ತೋರಿಸಿ, ತನ್ನ ಚಿಕ್ಕಂದಿನಲ್ಲಿ ಈ ಹೂವು ಅದರ ಕೆಳಗಿತ್ತು, ಈಗ ಅದರ ಮೇಲೆ ಮಾತ್ರ ಬರುತ್ತದೆ, ಹಿಮವೂ ಬೇಗ ಕರಗುತ್ತದೆ ಎಂದಿದ್ದ.

ಉತ್ತರ ಕಂಡುಹಿಡಿಯುವ ದಾರಿ ಸರಳ. ಮೂರೂ ಎತ್ತರದ ಬೀಜ ತಂದು ಒಂದೇ ಕಡೆ, ಒಂದೇ ಚಳಿ, ಒಂದೇ ಮಣ್ಣು, ಒಂದೇ ನೀರಿನಲ್ಲಿ ಬೆಳೆಸಿ ನೋಡುವುದು. ಅಕ್ಟೋಬರಿನಲ್ಲಿ ಹೋಗಿ ಬೀಜ ತಂದೆ. ತುದಿಯಲ್ಲಿ ಆ ವರ್ಷ ಸಿಕ್ಕ ಬೀಜ ಒಂದು ಹಿಡಿಯೂ ಇರಲಿಲ್ಲ. ಅರ್ಧವನ್ನಾದರೂ ಅಲ್ಲೇ ಬಿಟ್ಟು ಬರಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠ. ನಾನು ಬಿಡಲಿಲ್ಲ. ಕಡಿಮೆಯಾದರೆ ಪ್ರಯೋಗ ಕೆಟ್ಟೀತು ಎಂಬ ಆಸೆಬುರುಕತನದಿಂದ ಬಂಡೆಯ ಸಂದಿಯನ್ನೆಲ್ಲ ಕೆದಕಿ ಕೆದಕಿ ತಂದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಫೆಬ್ರವರಿಯಲ್ಲಿ ಮೊಳಕೆ ಬಂತು. ಶೀತಲ ಕೋಣೆಯ ಹಲಗೆಗೆ ಇಲಾಖೆಯ ಕುಂಡಗಳು ದೊಡ್ಡವಾದವು. ಲಂಕಾ ಎಂಬ ಪೇಟೆಯಲ್ಲಿ, ವಿಶ್ವವಿದ್ಯಾಲಯದ ಬಾಗಿಲ ಬಳಿಯ ಚಹಾ ಅಂಗಡಿಯ ಪಕ್ಕ, ಕುಡಿದು ಎಸೆದ ಕುಲ್ಹಡ್‌ಗಳ ರಾಶಿ ಬಿದ್ದಿರುತ್ತಿತ್ತು. ಒಡೆಯದೆ ಉಳಿದ ತೊಂಬತ್ತಾರನ್ನು ಆರಿಸಿ ತಂದು, ಕುದಿಯುವ ನೀರಿನಲ್ಲಿ ಅದ್ದಿ ತೊಳೆದು, ಮೊಳೆಯಿಂದ ತಳಕ್ಕೆ ತೂತು ಹಾಕಿದೆ. ಪ್ರತಿಯೊಂದರ ಹೊಟ್ಟೆಯ ಮೇಲೆ ಬಣ್ಣದಲ್ಲಿ ಗುರುತು ಬರೆದೆ. ಕೆಳಗಿನದಕ್ಕೆ 'ಕೆ', ನಡುವಿನದಕ್ಕೆ 'ನ', ತುದಿಯದಕ್ಕೆ 'ತು', ಜೊತೆಗೊಂದು ಸಂಖ್ಯೆ. ಒಂದೊಂದು ಎತ್ತರದ್ದು ಮೂವತ್ತೆರಡು. ಯಾವುದಕ್ಕೂ ಒಳ್ಳೆಯ ಮೂಲೆ ಸಿಗಬಾರದೆಂದು ಎಲ್ಲವನ್ನೂ ಬೇಕೆಂದೇ ಕಲಸಿ ಇಟ್ಟೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಮೇ ಎರಡನೇ ವಾರದಲ್ಲಿ ಕರೆಂಟು ಹೋಗಲು ಶುರುವಾಯಿತು. ದಿನಕ್ಕೆ ಎರಡು ಗಂಟೆ, ನಾಲ್ಕು ಗಂಟೆ, ಆರು ಗಂಟೆ. ಬಂದು ಹೋಗಿ ಬಂದು ಹೋಗಿ ಶೀತಲ ಕೋಣೆಯ ಯಂತ್ರ ಸುಟ್ಟಿತು. ರಿಪೇರಿಯ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಡೆದುಕೊಂಡು ಹೋಗುತ್ತಿತ್ತು, ಅದೂ ಬಿಸಿಲಿಗೆ ಹೆದರಿ ನಿಧಾನವಾಗಿ. ನನ್ನ ಮಾರ್ಗದರ್ಶಕರನ್ನು ನಾವೆಲ್ಲ ಗುರೂಜಿ ಎನ್ನುತ್ತಿದ್ದೆವು. ಅವರು ಕೈಚೆಲ್ಲಿ, "ಎಲ್ಲಾದರೂ ತಂಪಿರುವ ಕಡೆ ಇಡು ಬೇಟಿ," ಎಂದರು. ಆ ಊರಿನಲ್ಲಿ, ಆ ತಿಂಗಳಿನಲ್ಲಿ, ತಂಪಿರುವ ಕಡೆ!

ನಾನಿದ್ದದ್ದು ಕೇದಾರ ಘಾಟಿನ ಗಲ್ಲಿಯ ಒಂದು ಹಳೆಯ ಮನೆಯ ಮೇಲಿನ ಕೋಣೆಯಲ್ಲಿ. ಮನೆ ನರಹರಿ ಭಟ್ಟರದು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುವುದು ನಾಲ್ಕು ತಲೆಮಾರಿನಿಂದ ಅವರ ಕೆಲಸ. ಮನೆಯ ಯಜಮಾನಿಕೆ ಮಾತ್ರ ಅವರ ಅಕ್ಕ ಸೀತಮ್ಮನವರದು. ಭಟ್ಟರ ಮಕ್ಕಳು ಕರೆಯುವಂತೆ ನಾನೂ ಸೀತತ್ತೆ ಎನ್ನುತ್ತಿದ್ದೆ. ಹುಟ್ಟಿದ್ದು ಕಾಶಿ, ಮದುವೆಯಾಗಿದ್ದು ಕಾಶಿ, ಗಂಡ ಹೋದದ್ದೂ ಕಾಶಿ. ಕರ್ನಾಟಕ ನೋಡಿದ್ದು ಒಂದೇ ಸಲ. ಆದರೂ ನನಗಿಂತ ಒಳ್ಳೆಯ ಕನ್ನಡ, ನಡುನಡುವೆ ಹಿಂದಿ.

ಅತ್ತೆಗೆ ಇದ್ದ ಒಂದೇ ಚಟ ಚಹಾ. ಅದನ್ನು ಮನೆಯಲ್ಲೇ ಕುದಿಸಿ, ಹೊಸ ಕುಲ್ಹಡ್‌ನಲ್ಲಿ ಮಾತ್ರ ಕುಡಿಯುತ್ತಿದ್ದಳು. ಮೆಟ್ಟಿಲ ಕೆಳಗೆ ಅವಳ ಕುಲ್ಹಡ್‌ಗಳ ಕಂಬವೇ ಇರುತ್ತಿತ್ತು. "ಕುಲ್ಹಡ್ ಅಂದ್ರೆ ಒಂದೇ ಬಾಯಿಗೆ ಕಣೇ, ಒಂದೇ ಸಲಕ್ಕೆ. ಇದಕ್ಕಿಂತ ಮಡಿ ಇನ್ನೇನಿದೆ?" ಎನ್ನುತ್ತ, ಕುಡಿದಾದ ಮೇಲೆ ಕಿಟಕಿಯಿಂದ ಹಿತ್ತಲ ಗುಂಡಿಗೆ ಎಸೆದು, ಅದು ಒಡೆದ ಸದ್ದು ಕೇಳಿಸಿದ ಮೇಲೆಯೇ ಮುಂದಿನ ಕೆಲಸಕ್ಕೆ ಏಳುತ್ತಿದ್ದಳು.

ಆ ಮನೆಗೆ ಒಂದು ನೆಲಮಾಳಿಗೆ ಇತ್ತು. ದಪ್ಪ ಕಲ್ಲುಗೋಡೆ, ನದಿಯ ಕಡೆಗೊಂದು ಸಣ್ಣ ಜಾಲಂಧ್ರ. ದರ್ಭೆ, ಎಳ್ಳು, ಪಿಂಡದ ಹಿಟ್ಟು, ಯಾತ್ರಿಕರ ಕರ್ಮಕ್ಕೆ ಬೇಕಾದ ಸಾಮಾನೆಲ್ಲ ಅಲ್ಲಿ. ನಾನು ಬಾಯಿಬಿಟ್ಟು ಕೇಳುವ ಮೊದಲೇ ಅತ್ತೆ, "ತಹ್‌ಖಾನಾದಲ್ಲಿ ಇಡೇ. ನಮಗಿಂತ ನಿನ್ನ ಗಿಡಗಳಿಗೇ ಗರ್ಮಿ ಜಾಸ್ತಿ," ಎಂದಳು. ಲಂಕಾದಿಂದ ರಿಕ್ಷಾದಲ್ಲಿ ನಾಲ್ಕು ಸಲ ಓಡಾಡಿ, ಗಲ್ಲಿಯ ಮೊದಲಿನಿಂದ ತಲೆಯ ಮೇಲೆ ಹೊತ್ತು, ತೊಂಬತ್ತಾರನ್ನೂ ಇಳಿಸಿದೆ. ಎಂಟು ಸಾಲು, ಸಾಲಿಗೆ ಹನ್ನೆರಡು. ಯಾವ ಜಾಗದಲ್ಲಿ ಯಾವುದು ಎಂದು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದೆ.

ಗೋಡೆಯ ತಂಪು ಸಾಲದು, ಐಸು ಬೇಕಿತ್ತು. ದಿನಾ ಬೆಳಿಗ್ಗೆ ಎರಡು ದೊಡ್ಡ ಗಡ್ಡೆ ತರಿಸುತ್ತಿದ್ದೆ. ಐಸು ಮಾರುವ ಅಂಗಡಿಯ ಮುಖ್ಯ ಗಿರಾಕಿಗಳು ಹರಿಶ್ಚಂದ್ರ ಘಾಟಿಗೆ ಹೋಗುವ ಹೆಣಗಳು, ಮಕ್ಕಳು ದೂರದಿಂದ ಬರುವವರೆಗೆ ಕಾಯಬೇಕಾದಂಥವು. ಭಟ್ಟರು ಒಂದು ದಿನ ಗಡ್ಡೆಯನ್ನು ನೋಡುತ್ತ, "ಇದು ಎಲ್ಲಿಂದ ಬರುತ್ತೆ ಅಂತ ನಂಗೊತ್ತು. ಇರ್ಲಿ ಬಿಡಮ್ಮ, ಕರಗಿದ ಮೇಲೆ ನೀರೇ ತಾನೇ," ಎಂದು ಒಳಗೆ ಹೋದರು. ಬಿಸಿಲು ಹೆಚ್ಚಿದ ಹಾಗೆ ಘಾಟಿನಲ್ಲಿ ಹೆಣಗಳೂ ಹೆಚ್ಚಿದವು. ಕೆಲವು ದಿನ ನನಗೆ ಒಂದೇ ಗಡ್ಡೆ ಸಿಗುತ್ತಿತ್ತು. ಐಸಿಗಾಗಿ ಹೆಣಗಳ ಜೊತೆ ಪೈಪೋಟಿ ಮಾಡುವ ಗತಿ ನನಗೆ ಬಂತಲ್ಲ ಎನಿಸುತ್ತಿತ್ತು.

ಮಧ್ಯಾಹ್ನ ಊಟ ಮುಗಿಸಿ ಅತ್ತೆಯೂ ಇಳಿದು ಬರುತ್ತಿದ್ದಳು. ನಾನು ಎಲೆ ಎಣಿಸಿ ಬರೆದುಕೊಳ್ಳುವುದನ್ನು ಮೊದಮೊದಲು ನಕ್ಕು ನೋಡುತ್ತಿದ್ದವಳು ಆಮೇಲೆ ತಾನೂ ಎಣಿಸಲು ಕೂತಳು. ಬೆಟ್ಟದ ಕತೆ ಕೇಳಿದಳು. ಬಿಸಿ ಏರಿದ ಹಾಗೆ ಗಿಡಗಳು ಮೇಲಕ್ಕೆ ಮೇಲಕ್ಕೆ ಹೋಗುತ್ತವೆ ಎಂದು ನಾನು ಹೇಳಿದಾಗ, "ಮೇಲಿರೋದು?" ಎಂದಳು.

"ಮೇಲಿರೋದು ಏನತ್ತೆ?"

"ಬೆಟ್ಟ ಮುಗಿದು ಹೋಯ್ತಲ್ಲ. ತುದೀಲಿರೋದು ಎಲ್ಲಿಗೆ ಹತ್ತುತ್ತೇ?"

ಗುರೂಜಿಗೆ ನಾನು ಇಪ್ಪತ್ತು ಪುಟದಲ್ಲಿ ಬರೆದುಕೊಟ್ಟ ಪ್ರಶ್ನೆಯನ್ನು ಅವಳು ಒಂದೇ ಮಾತಿನಲ್ಲಿ ಕೇಳಿದ್ದಳು.

ನಾನು ತಪ್ಪು ಮಾಡಿದ್ದು ಮೇ ಕೊನೆಯ ಒಂದು ಭಾನುವಾರ. ಎಲೆ ಎಣಿಸುವ ಕೆಲಸ ಮುಗಿದಿತ್ತು. ಅತ್ತೆ ಒಂದು ಕುಲ್ಹಡ್ ಅನ್ನು ಮೆಲ್ಲಗೆ ತಿರುಗಿಸಿ ನೋಡುತ್ತ, "ಇಷ್ಟೊಂದು ಎಲ್ಲಿ ತಗೊಂಡೆ? ನಮ್ಮ ಕುಂಬಾರ ಇಷ್ಟು ದಪ್ಪ ಮಾಡಲ್ಲ," ಎಂದಳು.

"ತಗೊಂಡಿದ್ದಲ್ಲ ಅತ್ತೆ. ಲಂಕಾದ ಚಹಾದಂಗಡಿ ಹತ್ರ ಬಿದ್ದಿದ್ವು. ಚೆನ್ನಾಗಿ ತೊಳೆದು ತಂದೆ."

ಅತ್ತೆಯ ಮುಖ ಸಣ್ಣದಾಯಿತು. ಕೈಯಲ್ಲಿದ್ದುದನ್ನು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಪಕ್ಕದಲ್ಲೇ ದರ್ಭೆಯ ಕಟ್ಟು, ಪಿಂಡದ ಹಿಟ್ಟಿನ ಡಬ್ಬ. ಯಾರ್‍ಯಾರದೋ ಎಂಜಲಿನ ಕುಡಿಕೆಗಳು ತೊಂಬತ್ತಾರು, ಹತ್ತು ದಿನದಿಂದ ಪಿತೃಗಳ ಸಾಮಾನಿನ ಜೊತೆ. ನಾನು ನಾಲಿಗೆ ಕಚ್ಚಿಕೊಂಡೆ. ಬೈಯುತ್ತಾಳೆ, ಎತ್ತಿಕೊಂಡು ಹೋಗು ಎನ್ನುತ್ತಾಳೆ ಎಂದುಕೊಂಡೆ. ಅವಳು ಏನೂ ಹೇಳಲಿಲ್ಲ. ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಮರುದಿನ ನಾನು ರಿಪೇರಿಯವನ ಬೆನ್ನುಹತ್ತಿ ಲಂಕಾಕ್ಕೆ ಹೋದೆ. ಸಂಜೆ ಐದರ ಹೊತ್ತಿಗೆ ಮರಳಿದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಸೊಂಟ ಹಿಡಿದಿತ್ತು, ಉಗುರಲ್ಲೆಲ್ಲ ಮಣ್ಣು, ಮುಖದಲ್ಲಿ ಮಕ್ಕಳಿಗೆ ಹಬ್ಬದ ಬಟ್ಟೆ ತೋರಿಸುವವರ ಸಂಭ್ರಮ.

"ಬಾ ಬಾ, ಜಲ್ದಿ ಬಾ. ಭಟ್ಟನಿಗೆ ಹೇಳಿದ್ರೆ ಗಿಡ ಹೊರಗೆ ಹಾಕು ಅಂತಿದ್ದ. ಅದಕ್ಕೆ ನಾನೇ ಮುಗಿಸಿಬಿಟ್ಟೆ. ಒಂದು ಬೇರೂ ಹರಿದಿಲ್ಲ ನೋಡು!"

ಇಳಿದು ನೋಡಿದೆ. ಎಂಟು ಸಾಲು, ಸಾಲಿಗೆ ಹನ್ನೆರಡು. ಎಲ್ಲ ಹೊಸ ಕುಲ್ಹಡ್‌ಗಳು, ಕೆಂಪಗೆ, ಸ್ವಚ್ಛವಾಗಿ. ಯಾವುದರ ಮೇಲೂ ಒಂದು ಅಕ್ಷರ ಇಲ್ಲ.

"ಹಳೇವು ಎಲ್ಲಿ?" ಎಂದೆ. ಅವಳು ಹಿತ್ತಲ ಕಡೆ ಕೈ ತೋರಿಸಿದಳು. ಓಡಿದೆ. ಗುಂಡಿಯಲ್ಲಿ ತೊಂಬತ್ತಾರೂ ಚೂರುಚೂರಾಗಿ ಬಿದ್ದಿದ್ದವು. ಒಂದು ಚೂರಿನ ಮೇಲೆ 'ತು', ಇನ್ನೊಂದರ ಮೇಲೆ ಬರೀ ಹದಿನಾಲ್ಕು. ಯಾವ ಗಿಡವೂ ಅದರೊಳಗಿಲ್ಲದ ಮೇಲೆ ಆ ಚೂರುಗಳಿಂದ ಏನು ಪ್ರಯೋಜನ ಎಂಬುದು ಗೊತ್ತಿದ್ದೂ, ಮಂಡಿಯೂರಿ ಆರಿಸುತ್ತಲೇ ಇದ್ದೆ. ಅತ್ತೆ ಹಿಂದೆ ಬಂದು ನಿಂತಿದ್ದಳು. ಆ ಗುರುತುಗಳು ಯಾಕೆ ಎಂದು ನಾನು ಅವಳಿಗೆ ಒಂದು ದಿನವೂ ಹೇಳಿರಲಿಲ್ಲ. ಅಂಗಡಿಯ ಲೆಕ್ಕದ ಗುರುತು ಎಂದುಕೊಂಡಿದ್ದಳಂತೆ. ನಾನು ಅಳುತ್ತ ಹೇಳಿದೆ. ಕೇಳಿ ಅವಳು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು.

ಸ್ವಲ್ಪ ಹೊತ್ತಿನ ಮೇಲೆ ಎದ್ದು ನನ್ನ ತೋಳು ಹಿಡಿದಳು. "ಆದ್ರೆ ಸಾಲು ತಪ್ಪಿಸಿಲ್ಲ ಕಣೇ. ಪಿಂಡ ಇಡೋ ಮನೇಲಿ ಹುಟ್ಟಿದವಳು ನಾನು. ತಂದೆ, ಅಜ್ಜ, ಮುತ್ತಜ್ಜ, ಹಿಂದುಮುಂದಾದ್ರೆ ಎಲ್ಲಾ ಕೆಟ್ಟಂಗೆ ಅಂತ ನಂಗೆ ಗೊತ್ತು. ಒಂದು ತೆಗೆದು ಅದೇ ಜಾಗದಲ್ಲಿ ಒಂದು ಇಟ್ಟಿದೀನಿ."

ನನ್ನ ಜೀವ ಮರಳಿ ಬಂತು. ಹಿಂದಿನ ದಿನ ಎಣಿಸಿದ ಎಲೆಗಳ ಲೆಕ್ಕ, ಜಾಗಗಳ ನಕ್ಷೆ, ಎರಡೂ ನೋಟ್‌ಬುಕ್ಕಿನಲ್ಲಿದ್ದವು. ಕೂತು ತಾಳೆ ನೋಡಿದೆವು. ಅವಳು ಎಣಿಸುವುದು, ನಾನು ನೋಡುವುದು. ಮೊದಲ ಸಾಲು ಸರಿ. ಎರಡನೆಯದು ಸರಿ. ಮೂರು, ನಾಲ್ಕು ಸರಿ. ಅತ್ತೆ ಕಣ್ಣು ಮುಚ್ಚಿ ಕೇದಾರೇಶ್ವರನಿಗೆ ಕೈಮುಗಿದಳು. ಐದನೆಯ ಸಾಲಿನ ಮೊದಲ ಗಿಡಕ್ಕೆ ನಾಲ್ಕು ಎಲೆ. ನೋಟ್‌ಬುಕ್ಕಿನಲ್ಲಿ ಏಳು. ಎರಡನೆಯದಕ್ಕೆ ಆರು. ನೋಟ್‌ಬುಕ್ಕಿನಲ್ಲಿ ನಾಲ್ಕು. ಆಮೇಲೆ ಯಾವುದೂ ಕೂಡಲಿಲ್ಲ.

"ಅತ್ತೆ, ಇಲ್ಲಿ ಏನಾಯ್ತು ನೆನಪು ಮಾಡ್ಕೊಳ್ಳಿ."

ಅವಳು ಮೆಟ್ಟಿಲ ಕಡೆ ಕೈ ತೋರಿಸಿದಳು. "ಬರ್ಫ್ ಕರಗಿ ನೀರು ಹರಿದು ಬಂತು. ನೆನೆದು ಕೊಳೆಯುತ್ವೆ ಅಂತ ಅಷ್ಟನ್ನೂ ಪರಾತಿಗೆ ಹಾಕ್ಕೊಂಡು ಮೆಟ್ಲ ಮೇಲೆ ಇಟ್ಟೆ. ಅಲ್ಲೇ ಕೂತು ಬದಲಾಯಿಸಿ, ಕೈಗೆ ಸಿಕ್ಕ ಹಾಗೆ ಸಾಲಿಗೆ ಇಟ್ಟೆ."

ನಲವತ್ತೆಂಟು ಗಿಡಗಳು ಉಳಿದವು, ನಲವತ್ತೆಂಟು ಅನಾಥವಾದವು. ಎಲೆಯ ಲೆಕ್ಕದಿಂದಲೇ ಗುರುತು ಹಿಡಿಯೋಣ ಎಂದರೆ ಹೆಚ್ಚಿನವಕ್ಕೆ ಐದೋ ಆರೋ ಎಲೆ. ಫೋಟೋ ಇರಲಿಲ್ಲ. ಆಗಿನ ನನ್ನ ಮೊಬೈಲಿನಲ್ಲಿ ಹಾವಿನ ಆಟ ಇತ್ತು, ಕ್ಯಾಮೆರಾ ಇರಲಿಲ್ಲ.

ಕಾಶಿಗೆ ಬಂದವರು ಇಷ್ಟವಾದದ್ದೊಂದನ್ನು ಬಿಟ್ಟು ಹೋಗುವ ಪದ್ಧತಿ ನಮ್ಮವರಲ್ಲಿ ಎಲ್ಲರಿಗೂ ಗೊತ್ತು. ಯಾತ್ರಿಕರು ಯೋಚಿಸಿ ಯೋಚಿಸಿ ಹಾಗಲಕಾಯಿ ಬಿಡುವುದನ್ನು ಕಂಡು ಅತ್ತೆ ಗೇಲಿ ಮಾಡುತ್ತಿದ್ದಳು. "ಗಂಗೆ ಏನು ದಡ್ಡಳೇ?" ಎನ್ನುತ್ತಿದ್ದಳು. ಮರುದಿನ ಬೆಳಿಗ್ಗೆ ಅವಳ ಒಲೆಯ ಮೇಲೆ ಚಹಾ ಇರಲಿಲ್ಲ. ನಿನ್ನ ಸಾಲು ಸಿಗುವವರೆಗೂ ಚಹಾ ಮುಟ್ಟುವುದಿಲ್ಲ ಎಂದಳು. ನನಗೆ ಅಯ್ಯೋ ಎನಿಸಲಿಲ್ಲ, ಸಿಟ್ಟು ಬಂತು. ನೀವು ಚಹಾ ಬಿಟ್ಟರೆ ಗಿಡ ಮಾತಾಡುತ್ತವೆಯೇ ಎಂದು ಕೂಗಿಬಿಟ್ಟೆ. ತಲೆನೋವಿಗೆ ಹಣೆಗೆ ಬಟ್ಟೆ ಕಟ್ಟಿಕೊಂಡು ಅವಳು ಯಾತ್ರಿಕರಿಗೆ ಅಡುಗೆ ಮಾಡುತ್ತಿದ್ದಳು. ನಾನು ಅವಳ ಮುಖ ನೋಡದೆ ಮೆಟ್ಟಿಲಿಳಿಯುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಜೂನಿನಲ್ಲಿ ಲೂ ಬೀಸಿತು. ಆ ಬಿಸಿಗಾಳಿಗೆ ಜಾಲಂಧ್ರಕ್ಕೆ ಕಟ್ಟಿದ ಒದ್ದೆ ಗೋಣಿ ಗಂಟೆಯೊಳಗೆ ಒಣಗುತ್ತಿತ್ತು. ನೆಲಮಾಳಿಗೆಯೂ ಕಾಯತೊಡಗಿತು. ಗುರುತಿದ್ದ ನಲವತ್ತೆಂಟರಲ್ಲಿ ತುದಿಯವು ಮೊದಲು ಸಾಯತೊಡಗಿದವು. ಚಳಿಯಲ್ಲಿ ಅವನ್ನು ಕಾಯುತ್ತಿದ್ದುದೇ ಇಲ್ಲಿ ಅವುಗಳ ಕುತ್ತಿಗೆ ಹಿಸುಕಿತು. ಬಿಸಿಯನ್ನು ಹಿಡಿದಿಡಲೆಂದು ಹೊದ್ದ ಉಣ್ಣೆ, ಒತ್ತಿಕೊಂಡು ಕೂತ ಎಲೆಗಳು, ಎಲ್ಲವೂ ಬಿಸಿಯನ್ನು ಒಳಗೇ ಹಿಡಿದಿಟ್ಟವು. ಕೆಳಗಿನವು ಕಾಲು ನೀಡಿ, ಎಲೆ ಅಗಲಿಸಿ ಹೇಗೋ ಉಸಿರಾಡಿದವು. ನಡುವಿನವೂ ಅವನ್ನು ನೋಡಿ ಕಲಿತವರ ಹಾಗೆ ಎತ್ತರವಾದವು. ತುದಿಯವು ಮಾತ್ರ ಬೆಟ್ಟದ ಮೇಲೆ ಹೇಗಿದ್ದವೋ ಹಾಗೆಯೇ ಮುದುಡಿ ಕೂತು, ನಡುವಿನಿಂದ ಕಪ್ಪಾಗುತ್ತ ಬಂದವು. ದಿನಾ ಬೆಳಿಗ್ಗೆ ಒಂದೋ ಎರಡೋ. ಅವು ಬಗ್ಗಲು ಕಲಿತಿರಲಿಲ್ಲ. ಬಂಡೆಯ ಸಂದಿಯಲ್ಲಿ ನಾನು ಬಿಟ್ಟು ಬರಬೇಕಿದ್ದ ಬೀಜಗಳು ಇವೇ ಎಂದು ನೆನಪಾಗುತ್ತಿತ್ತು. ಜೂನ್ ಮುಗಿಯುವಾಗ ಗುರುತಿದ್ದ ತುದಿಯ ಗಿಡಗಳಲ್ಲಿ ಉಳಿದದ್ದು ಎರಡು.

ಗುರೂಜಿ ಕೆಟ್ಟವರಲ್ಲ. ನನ್ನ ಫೆಲೋಶಿಪ್ ಅಕ್ಟೋಬರಿಗೆ ಮುಗಿಯುತ್ತದೆ ಎಂಬುದು ನನಗಿಂತ ಅವರಿಗೆ ಚಿಂತೆಯಾಗಿತ್ತು. ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸುತ್ತ, "ಕುಳ್ಳಗಿರುವುದು, ಉಣ್ಣೆ ಹೆಚ್ಚಿರುವುದು, ಬೇಗ ಸತ್ತದ್ದು ತುದಿಯದು. ಕಣ್ಣಿಗೆ ಕಾಣುತ್ತದಲ್ಲ ಬೇಟಿ. ಲಿಖ್ ದೋ," ಎಂದರು. ಬರೆದುಬಿಡು.

ತುದಿಯ ಗಿಡ ಎಲ್ಲಿ ಬೆಳೆಸಿದರೂ ಕುಳ್ಳಗಿರುತ್ತದೆಯೇ ಎಂಬುದೇ ಪ್ರಶ್ನೆ. ಕುಳ್ಳಗಿರುವುದನ್ನೆಲ್ಲ ತುದಿಯದು ಎಂದು ಬರೆದುಕೊಂಡು, ನೋಡಿ ತುದಿಯವೆಲ್ಲ ಕುಳ್ಳಗಿವೆ ಎಂದರೆ ಅದು ಉತ್ತರವೇ? ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬರೆದೆ. ಒಂದು ಮಧ್ಯಾಹ್ನ ನೆಲಮಾಳಿಗೆಯಲ್ಲಿ ಕೂತು ಅನಾಥವಾದ ನಲವತ್ತೆಂಟಕ್ಕೂ ನೋಡಿ ನೋಡಿ ಗುರುತು ಹಾಕಿದೆ. ಕೋಷ್ಟಕ ಎಷ್ಟು ಚೆನ್ನಾಗಿ ಬಂತೆಂದರೆ ಅಂಥದ್ದನ್ನು ನಾನು ಯಾವ ಪುಸ್ತಕದಲ್ಲೂ ನೋಡಿರಲಿಲ್ಲ. ನಿದ್ದೆಗೆಟ್ಟ ಆ ದಿನಗಳಲ್ಲಿ ಅದನ್ನು ಎದೆಗೊತ್ತಿಕೊಂಡು ಕೂರುವಷ್ಟು ಸಮಾಧಾನವಾಯಿತು. ಸುಳ್ಳಿಗೂ ಅಷ್ಟು ಸಮಾಧಾನ ಕೊಡುವ ಶಕ್ತಿ ಇದೆ ಎಂದು ನನಗೆ ಗೊತ್ತಾದದ್ದು ಆಗ.

ಮರುದಿನ ಬೆಳಿಗ್ಗೆ ಅದನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಘಾಟಿನ ಮೆಟ್ಟಿಲ ಮೇಲೆ ಭಟ್ಟರು ದಾವಣಗೆರೆ ಕಡೆಯ ಒಬ್ಬ ಯಾತ್ರಿಕರಿಗೆ ಪಿಂಡ ಇಡಿಸುತ್ತಿದ್ದರು. ದಾರಿ ಅವರ ಪಕ್ಕದಲ್ಲೇ. ತಂದೆಯ ಹೆಸರಾಯಿತು, ಅಜ್ಜನ ಹೆಸರಾಯಿತು. ಮುತ್ತಜ್ಜನ ಹೆಸರಿಗೆ ಬಂದಾಗ ಆ ಮನುಷ್ಯ ತಡವರಿಸಿದರು.

"ಮುತ್ತಜ್ಜಂದು ಗೊತ್ತಿಲ್ರಿ ಸ್ವಾಮೇರ. ಸುಮ್ನೆ ಏನಾರ ರಾಮಪ್ಪ ಅಂತ ಹಿಡ್ಕಳ್ರಿ."

ಭಟ್ಟರು ತಲೆಯೆತ್ತಿದರು. ಅಷ್ಟು ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ. "ತೋಚಿದ ಹೆಸರು ಹೇಳಬೇಡಿ. ಯಾರದ್ದೋ ಅನ್ನ ಯಾರಿಗೋ ಹೋಗುತ್ತೆ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ. ಹೆಸರು ತಿಳೀದವರಿಗೂ ಮಂತ್ರ ಇದೆ, ಅವರಿಗೂ ಒಂದು ಪಿಂಡ ಇದೆ."

ನನಗೆ ಭಟ್ಟರ ಮೇಲೆ ಕೋಪ ಬಂತು. ಐದು ನಿಮಿಷ ಮೊದಲು ಹೊರಟಿದ್ದರೆ ಇದನ್ನು ಕೇಳಬೇಕಾಗಿರಲಿಲ್ಲ ಎಂದು ಶಪಿಸಿಕೊಂಡೆ. ನಾಲ್ಕು ಮೆಟ್ಟಿಲು ಹತ್ತಿದೆ, ನಿಂತೆ, ಮತ್ತೆ ಹತ್ತಿದೆ. ಗಲ್ಲಿಯ ಮೊದಲಿಗೆ ಹೋಗುವಷ್ಟರಲ್ಲಿ ಕಾಗದ ಕೈಯಲ್ಲಿ ಹರಿದುಹೋಗಿತ್ತು. ಆ ನಲವತ್ತೆಂಟರ ಎದುರು 'ಗೊತ್ತಿಲ್ಲ' ಎಂದು ನಲವತ್ತೆಂಟು ಸಲ ಬರೆದು ಗುರೂಜಿಯ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು. "ಇಷ್ಟರಿಂದ ಡಿಗ್ರಿ ಆಗುವುದಿಲ್ಲ, ಗೊತ್ತಲ್ಲ?" ಎಂದರು. ಗೊತ್ತು ಎಂದೆ. ಮತ್ತೆ ಬೆಟ್ಟ ಹತ್ತಿ ಬೀಜ ತರಬೇಕಿತ್ತು, ಮತ್ತೆ ಎರಡು ವರ್ಷ ಬೇಕಿತ್ತು. ನನ್ನಲ್ಲಿ ಅಷ್ಟು ಕಾಲವಾಗಲಿ ಹಣವಾಗಲಿ ಇರಲಿಲ್ಲ. ತುದಿಯಲ್ಲಿ ಬೀಜ ಉಳಿದಿತ್ತೋ ಇಲ್ಲವೋ, ಅದನ್ನು ಹೋಗಿ ನೋಡುವ ಧೈರ್ಯವಂತೂ ಇರಲೇ ಇಲ್ಲ.

ಜುಲೈ ನಡುವಿಗೆ ಗಂಗೆ ಏರತೊಡಗಿದಳು. ಮಳೆಗಾಲದಲ್ಲಿ ಆ ನೆಲಮಾಳಿಗೆಗೆ ನೀರು ಬರುತ್ತದೆ. ನಾನು ಊರಿಗೆ ಹೊರಡುವುದೆಂದು ನಿಶ್ಚಯಿಸಿದೆ. ಗುರುತಿದ್ದವುಗಳಲ್ಲಿ ಬದುಕಿದ್ದವನ್ನು ಇಲಾಖೆಯಲ್ಲಿ ಬಿಟ್ಟು ಬಂದೆ. ಹೊರಡುವ ದಿನ ಅತ್ತೆ ದಾರಿಗೆ ಚಪಾತಿ ಕಟ್ಟುತ್ತಿದ್ದಳು, ಹಣೆಯಲ್ಲಿ ಅದೇ ಬಟ್ಟೆ. ಕಾಗದಕ್ಕೆ ಸತ್ಯ ಹೇಳಿದವಳು ನಾನು, ಅವಳಿಗೆ ಸುಳ್ಳು ಹೇಳಿದೆ.

"ಅತ್ತೆ, ಸಾಲು ಸಿಕ್ತು. ಲೆಕ್ಕ ಹಾಕಿ ಹಾಕಿ ಎಲ್ಲಾ ಕೂಡಿತು. ಕೆಲಸ ಆಯ್ತು."

ಅವಳು ನನ್ನ ಮುಖವನ್ನೇ ನೋಡಿದಳು. "ಸಚ್?"

"ನಿಮ್ಮಾಣೆ."

ಅವಳು ಎದ್ದು ಚಹಾಕ್ಕಿಟ್ಟಳು. ಮೆಟ್ಟಿಲ ಕೆಳಗಿನಿಂದ ಎರಡು ಹೊಸ ಕುಲ್ಹಡ್ ತಂದಳು. ಇಬ್ಬರೂ ಕುಡಿದೆವು. ಕಿಟಕಿಯಿಂದ ತನ್ನದನ್ನು ಎಸೆದಳು, ನನ್ನದನ್ನೂ ಎಸೆದಳು. ಒಡೆದ ಸದ್ದು ಕೇಳಿಸಿತು. ನನ್ನ ತಲೆ ಸವರಿ, "ಡಾಕ್ಟರಮ್ಮ," ಎಂದಳು. ಕನಿಷ್ಠ ಈ ಒಂದನ್ನಾದರೂ ಸರಿಯಾಗಿ ಮುಗಿಸಿದೆ ಎಂದುಕೊಂಡು ನಾನು ರೈಲು ಹತ್ತಿದೆ.

ಐದು ವರ್ಷದ ಮೇಲೆ ಅಪ್ಪನ ಕಾರ್ಯಕ್ಕೆಂದು ಮತ್ತೆ ಕಾಶಿಗೆ ಹೋದಾಗ ಅತ್ತೆ ಇರಲಿಲ್ಲ. ತೀರಿಕೊಂಡು ಒಂದು ಚಳಿಗಾಲ ಕಳೆದಿತ್ತು. ಭಟ್ಟರು ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟರು. ಮೆಟ್ಟಿಲ ಕೆಳಗೆ ಕುಲ್ಹಡ್‌ಗಳ ಕಂಬ ಹಾಗೆಯೇ ಇತ್ತು, ಮೇಲೆ ಬೆರಳು ದಪ್ಪದ ಧೂಳು.

"ಅಕ್ಕನ ಕುಲ್ಹಡ್‌ಗಳು," ಎಂದರು ಭಟ್ಟರು. "ನೀವು ಹೊರಟ ದಿನ ಕುಡಿದದ್ದೇ ಕೊನೇದು. ಆಮೇಲೆ ಮುಟ್ಟಲಿಲ್ಲ."

"ನಾನು ಹೇಳಿದ್ದೆನಲ್ಲ ಭಟ್ಟರೇ, ಸಾಲು ಸಿಕ್ತು ಅಂತ."

"ಹೇಳಿದ್ರಿ. ಅವತ್ತು ನೀವು ಗಲ್ಲಿ ತಿರುಗಿದ ಮೇಲೆ ಅವಳು ತಹ್‌ಖಾನಾಕ್ಕೆ ಇಳಿದ್ಲು. ಗುರುತು ತಪ್ಪಿದ ಆ ಅರ್ಧ ಗಿಡಗಳೆಲ್ಲಾ ಅಲ್ಲೇ ಇದ್ವು. ಸಾಲು ಸಿಕ್ಕಿದ್ರೆ ಇವನ್ನ ಬಿಟ್ಟು ಹೋಗ್ತಿದ್ಲಾ ಅಂದ್ಲು. ಅಷ್ಟೇ. ನೀರು ಏರಿದಾಗ ಒಂದೊಂದೇ ಹೊತ್ತು ಮಹಡಿಗೆ ತಂದ್ಲು. ಬಿಸಿಲಿಗೆ ಅವಳ ಸೀರೆಗಳನ್ನೇ ಕಟ್ಟಿದ್ಲು. ಆದ್ರೂ ಎಲ್ಲಾ ಹೋದ್ವು, ಒಂದು ಬಿಟ್ಟು. ಅದು ಜನವರೀಲಿ ಒಂದು ಹೂ ಬಿಡ್ತು, ಕೆಂಪು ಹೂ. ಪೂಜೆಗೆ ಕೀಳಲಾ ಅಂದೆ. ಬೇಡ ಅಂದ್ಲು. ಅದರ ಮುಂದೆ ದಿನಾ ಕೂತಿರೋಳು."

"ಏನು ಮಾಡ್ತಿದ್ರು?"

"ನೀನು ಎಷ್ಟನೇ ಸಾಲಿಂದೇ, ಯಾವ ಎತ್ತರದೋಳೇ, ಅಂತ ಅದನ್ನೇ ಕೇಳೋಳು."